ಅಯಾಜನ ಅರ್ಧಾಣೆ

ಉಣಕಲ್ ಕ್ರಾಸಿನ ಚಹಾದಂಗಡಿಯಲ್ಲಿ ಸಂಜೆ ಐದೂವರೆಗೆ ಗೋಡೆ ಕಡೆಯ ಬೆಂಚು ಖಾಲಿ ಇರುತ್ತದೆ. ಎಷ್ಟೇ ಗಿರಾಕಿಗಳಿದ್ದರೂ ಅಲ್ಲಿ ಯಾರೂ ಕೂಡುವುದಿಲ್ಲ. ಅದು ಗುರುಬಸವಣ್ಣ ಕರಡಿಗುಡ್ಡ ಅವರ ಜಾಗ. ಹಾಗೆಂದು ಎಲ್ಲಿಯೂ ಬರೆದಿಲ್ಲ. ಒಮ್ಮೆ ಕೂತವರು ಎರಡನೆಯ ಸಲ ಕೂತಿಲ್ಲ, ಅಷ್ಟೆ. ಕೂತವರನ್ನು ಅವರು ಎಬ್ಬಿಸುವುದಿಲ್ಲ. ಪಕ್ಕದಲ್ಲಿಯೇ ಒತ್ತರಿಸಿ ಕೂತು, ಅಯಾಜ ಮತ್ತು ಇಸ್ತಿಯಾಕ ಎಂಬ ಅಣ್ಣತಮ್ಮಂದಿರಲ್ಲಿ ಯಾರು ದೊಡ್ಡ ಫುಟ್‌ಬಾಲ್ ಆಟಗಾರ ಎಂಬುದನ್ನು ವಿವರಿಸುತ್ತಾರೆ. ಅದು ಮುಗಿಯುವ ಹೊತ್ತಿಗೆ ಕೂತವನ ಚಹಾ ಆರಿರುತ್ತದೆ, ಧಾರವಾಡದ ಕಡೆಗೆ ಹೋಗುವ ನಾಲ್ಕು ಬಸ್ಸು ತಪ್ಪಿರುತ್ತವೆ.

ಗುರುಬಸವಣ್ಣನವರು ಮೂವತ್ತೆಂಟು ವರ್ಷ ಹತ್ತಿ ನೋಡಿದವರು. ಹತ್ತಿಯನ್ನು ಎಲ್ಲರೂ ನೋಡುತ್ತಾರೆ; ಇವರು ನೋಡಿದ ಮೇಲೆ ಅದಕ್ಕೊಂದು ದರ್ಜೆ ಬರುತ್ತಿತ್ತು. ಹುಬ್ಬಳ್ಳಿಯ ದೊಡ್ಡ ದಲಾಲಿ ಅಂಗಡಿಯೊಂದರಲ್ಲಿ ಅವರ ಕೆಲಸವೆಂದರೆ, ಒತ್ತಿ ಕಟ್ಟಿದ ಬೇಲಿನಿಂದ ಒಂದು ಚಿಟಿಕೆ ಹತ್ತಿ ಕಿತ್ತು, ಎರಡೂ ಕೈಯ ಬೆರಳುಗಳ ನಡುವೆ ಹಿಡಿದು ಎಳೆಯುವುದು, ಜೋಡಿಸುವುದು, ಮತ್ತೆ ಎಳೆಯುವುದು. ಕೊನೆಗೆ ಉಳಿದ ಎಳೆಗಳನ್ನು ಕೋಟಿನ ತೋಳಿನ ಮೇಲೆ ನೇರವಾಗಿ ಮಲಗಿಸಿ, ಕಣ್ಣು ಕಿರಿದು ಮಾಡಿ, "ಹನ್ನೆರಡೂವರಿ ಆಣೆ" ಎನ್ನುವುದು. ಬಿಳಿ ಎಳೆ ಕಾಣಬೇಕೆಂದು ಹೊಲಿಸಿದ ಕರಿ ಕೋಟು ಅದು. ನಿವೃತ್ತರಾಗಿ ಏಳು ವರ್ಷವಾದರೂ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ, ಕೋಟು ಅವರ ಮೈ ಬಿಟ್ಟಿಲ್ಲ. ಬೆರಳುಗಳೂ ಚಾಳಿ ಬಿಟ್ಟಿಲ್ಲ. ಎದುರು ಕೂತವರ ಅಂಗಿಯ ತುದಿ, ಮದುವೆ ಮಂಟಪದ ಪರದೆ, ಬೀಗರು ಹೊದಿಸಿದ ಶಾಲು, ಯಾವುದನ್ನಾದರೂ ಸರಿ, ಚಿವುಟಿ ನೋಡಿ ಆಣೆ ಹೇಳುತ್ತಾರೆ.

ಪೂರ್ತಿ ಹದಿನಾರಾಣೆಯನ್ನು ಅವರು ಜೀವಮಾನದಲ್ಲಿ ಯಾವುದಕ್ಕೂ ಕೊಟ್ಟವರಲ್ಲ. ಹೆಂಡತಿ ಕಾಳವ್ವನ ಜೋಳದ ರೊಟ್ಟಿಗೆ ನಾಲ್ಕು ದಶಕಗಳಿಂದ ಹದಿನಾಲ್ಕೂ ಮುಕ್ಕಾಲಾಣೆಯೇ ನಡೆದುಬಂದಿದೆ. ಒಮ್ಮೆ ಕಾಳವ್ವ ತಡೆಯಲಾರದೆ, "ಹದಿನಾರಾಣೆ ರೊಟ್ಟಿ ಬೇಕಂದ್ರ ಹದಿನಾರಾಣೆ ಹಲ್ಲ ಬೇಕಾಗ್ತಾವ್ರಿ. ನಿಮ್ಮವು ಎಷ್ಟ ಉಳದಾವ ಮದಲ ಎಣಿಸಿಕೋರಿ" ಎಂದಿದ್ದಳು. ಅವರು ಆ ಮಾತಿಗೂ ಮನಸ್ಸಿನಲ್ಲಿಯೇ ಹನ್ನೊಂದಾಣೆ ಕೊಟ್ಟರು.

ಇನ್ನು ಆ ಅಣ್ಣತಮ್ಮಂದಿರು. ಎಂಬತ್ತರ ದಶಕದ ನಡುವಿನ ನಾಲ್ಕೈದು ವರ್ಷ, ಗಬ್ಬೂರ ಕಡೆಯ ಮಿಲ್ ಮೈದಾನದಲ್ಲಿ ಅಯಾಜ ಮತ್ತು ಇಸ್ತಿಯಾಕ ಆಡುತ್ತಾರೆಂದರೆ ಊರಿನ ಅರ್ಧ ಅಂಗಡಿಗಳ ಬಾಗಿಲು ಅರ್ಧಕ್ಕೆ ಇಳಿಯುತ್ತಿತ್ತು. ಅಣ್ಣ ಅಯಾಜ ಮುಂದೆ ನಿಂತು ಗೋಲು ಹೊಡೆಯುವವ. ತಮ್ಮ ಇಸ್ತಿಯಾಕ ಹಿಂದೆ ನಿಂತು ಗೋಲಾಗದಂತೆ ಕಾಯುವವ. ಗದಗ, ಬೆಳಗಾವಿಯವರೆಗೂ ಅವರ ಹೆಸರು ಹೋಗಿತ್ತು. ಕಟಿಂಗ್ ಅಂಗಡಿಯಲ್ಲಿ ಹುಡುಗರು "ಅಯಾಜನಂಗ ಬಿಡ್ರಿ" ಎಂದು ಹೇಳಿ ಹಣೆಯ ಮೇಲೆ ಕೂದಲು ಬಿಡಿಸಿಕೊಳ್ಳುತ್ತಿದ್ದರು. ಆಮೇಲೆ ಮಿಲ್ಲು ಮುಚ್ಚಿತು, ಮಿಲ್ಲಿನ ತಂಡವೂ ಮುಚ್ಚಿತು. ಈಗ ಅವರಿಬ್ಬರೂ ಅರವತ್ತು ದಾಟಿ, ಗಬ್ಬೂರ ಬೈಪಾಸಿನ ಹತ್ತಿರ ಸ್ಕೂಟರ್ ಗ್ಯಾರೇಜು ಇಟ್ಟುಕೊಂಡಿದ್ದಾರೆ.

ಆಟ ನಿಂತರೂ ಹೋಲಿಕೆ ನಿಲ್ಲಲಿಲ್ಲ. ಗುರುಬಸವಣ್ಣನವರ ತೀರ್ಪು ಆಗ ಹೇಗಿತ್ತೋ ಈಗಲೂ ಹಾಗೆಯೇ ಇದೆ: ಅಯಾಜ ಹದಿನಾಲ್ಕಾಣೆ, ಇಸ್ತಿಯಾಕ ಹದಿಮೂರೂವರೆ. ಆ ಅರ್ಧಾಣೆಯ ಮೇಲೆ ಅವರು ಕಳೆದ ಸಂಜೆಗಳನ್ನು ಸಾಲಾಗಿ ಹಾಸಿದರೆ ಧಾರವಾಡ ಮುಟ್ಟಬಹುದು.

ಅರ್ಧಾಣೆಗೆ ಒಬ್ಬನೇ ವಿರೋಧಿ, ಕಾಳಿನ ವ್ಯಾಪಾರದ ಶಾಂತಯ್ಯ. ಅವನದು ಎದುರಿನ ಸ್ಟೂಲು.

"ಇಸ್ತಿಯಾಕ ಇಲ್ಲದಿದ್ರ ನಿಮ್ಮ ಅಯಾಜ ಒಂದ ಗೋಲ ಹೊಡದ್ರ ಎದುರಿನವ್ರು ಐದ ಹೊಡೀತಿದ್ರು, ಗುರುಬಸಣ್ಣ."

"ಶಾಂತಯ್ಯ, ನೀ ಎಲ್ಲೆ ಕುಂತ ನೋಡ್ತಿದ್ದಿ?"

"ಗ್ರೌಂಡಿನ್ಯಾಗ. ಮಂದೀ ನಡುವ."

"ನಾ ಹತ್ತಿ ಬೇಲಿನ ಮ್ಯಾಲ ಕುಂತ ನೋಡೇನಿ, ಎಂಟು ಬೇಲಿನ ಎತ್ತರದಿಂದ. ಮಂದೀ ನಡುವ ಕುಂತವ್ಗ ಮಂದಿ ಕಾಣ್ತಾರ, ಆಟ ಕಾಣೂದಿಲ್ಲ."

ಎಂಟು ಬೇಲಿನ ಮಾತು ಬಂದಾಗ ಶಾಂತಯ್ಯ ಚಹಾದ ಬಸಿಗೆ ಬಾಯಿ ಹಚ್ಚುತ್ತಿದ್ದ. ದಿನವೂ ಹೀಗೆಯೇ.

ಹೀಗೆ ನೆಮ್ಮದಿಯಿಂದ ನಡೆದಿದ್ದ ವ್ಯವಹಾರದ ನಡುವೆ ಮಹಾದೇವಪ್ಪನ ಕಾರು ಬಂದು ನಿಂತಿತು. ಮಹಾದೇವಪ್ಪನಿಗೆ ಲಕಮನಹಳ್ಳಿಯಲ್ಲಿ ಪೈಪಿನ ಕಾರ್ಖಾನೆ. ಮಿಲ್ ಮೈದಾನಕ್ಕೆ ಒಂದು ಕಮಾನು ಕಟ್ಟಿಸಿಕೊಟ್ಟು, ಮೈದಾನಕ್ಕೆ ಹೆಸರಿಡುವ ಸಮಿತಿಗೆ ತಾನೇ ಅಧ್ಯಕ್ಷನಾಗಿದ್ದ. ಕಮಾನಿನ ಫಲಕ ಹನ್ನೆರಡು ಫೂಟು. ಅದರಲ್ಲಿ ಒಂಬತ್ತು ಫೂಟು "ಕ್ರೀಡಾಪೋಷಕರು, ಸಮಾಜಸೇವಕರು, ಪೈಪ್ ಉದ್ಯಮಿಗಳು ಹಾಗೂ ಮಹಾದಾನಿಗಳಾದ ಶ್ರೀ ಮಹಾದೇವಪ್ಪನವರು ಕಟ್ಟಿಸಿಕೊಟ್ಟ" ಎಂಬುದಕ್ಕೇ ಹೋಗಿತ್ತು. ಉಳಿದದ್ದು ಮೂರು ಫೂಟು.

"ಮೂರ ಫೂಟಿನ್ಯಾಗ ಒಂದ ಹೆಸರ ಹಿಡಸ್ತೈತ್ರಿ, ಕಾಕಾ. ಇಬ್ಬರದೂ ಹಾಕಿದ್ರ ಅಕ್ಷರ ಸಣ್ಣ ಆಗ್ತಾವ, ಬೈಪಾಸಿನ್ಯಾಗ ಹೋಗವ್ರಿಗೆ ಕಾಣೂದಿಲ್ಲ."

"ನಿನ್ನ ಹೆಸರು ಕಾಣ್ತೈತೇನು?"

"ಅದು ಕಾಣ್ತೈತ್ರಿ. ಅದನ್ನ ಖುದ್ದ ನಾನ ಗಾಡಿ ಹೊಡಕೊಂಡ ಹೋಗಿ ನೋಡಿ ಬಂದೇನಿ," ಎಂದು ಮಹಾದೇವಪ್ಪ ಒಂದು ಕಾಗದ ಬಿಚ್ಚಿದ. "ಅದಕ್ಕ ಸಮಿತಿ ಠರಾವು ಮಾಡೇತ್ರಿ. ಇಬ್ಬರಾಗ ಯಾರು ಹೆಚ್ಚು ಅಂತ ನಿಮ್ಮಷ್ಟು ತಿಳದವ್ರು ಊರಾಗಿಲ್ಲ. ನೀವು ಸಹಿ ಮಾಡಿ ಕೊಟ್ಟ ಹೆಸರ ಪೇಂಟರ್ ಬರೀತಾನ. ರವಿವಾರ ಮುಂಜಾನೆ ಹತ್ತಕ್ಕ ಕಾರ್ಯಕ್ರಮ. ನಿಮಗೂ ಒಂದು ಶಾಲು ಐತ್ರಿ."

ಗುರುಬಸವಣ್ಣನವರು ಕೋಟಿನ ಗುಂಡಿ ಸರಿಮಾಡಿಕೊಂಡರು. ನಾಲ್ಕು ದಶಕ ಚಹಾದಂಗಡಿಯಲ್ಲಿ ನಡೆದ ತೀರ್ಪಿಗೆ ಈಗ ಸಮಿತಿ, ಠರಾವು, ಶಾಲು ಎಲ್ಲವೂ ಬಂದಿದ್ದವು. ಅವರು ಶಾಂತಯ್ಯನ ಕಡೆ ನೋಡಿದರು. ಶಾಂತಯ್ಯ ಬಸಿಯ ಕಡೆ ನೋಡಿದ.

ಮರುದಿನ ಊಟವಾದ ಮೇಲೆ ಅವರು ಪೆನ್ನು ಹಿಡಿದು ಕೂತರು. ಕಾಗದದಲ್ಲಿ ಹೀಗಿತ್ತು: "ಸದರಿ ಸಹೋದರರಿಬ್ಬರ ಆಟವನ್ನು ನಾನು ಪೂರ್ಣವಾಗಿ ಕಣ್ಣಾರೆ ಕಂಡಿದ್ದು, ತುಲನೆ ಮಾಡಿ ನೋಡಲಾಗಿ, ಇವರಿಬ್ಬರಲ್ಲಿ ಶ್ರೀ ______ ಇವರೇ ಶ್ರೇಷ್ಠರೆಂದು ದೃಢೀಕರಿಸುತ್ತೇನೆ."

ಪೆನ್ನು ಖಾಲಿ ಗೆರೆಯ ತನಕ ಹೋಗಲೇ ಇಲ್ಲ. "ಪೂರ್ಣವಾಗಿ" ಎಂಬಲ್ಲಿಯೇ ನಿಂತಿತು.

ಇಲ್ಲಿ ಒಂದು ಮಾತು ಹೇಳಬೇಕು. ಹತ್ತಿ ನೋಡುವವರಲ್ಲಿ ಒಂದು ಕಟ್ಟುನಿಟ್ಟಿದೆ. ಬೇಲಿನ ಎರಡೂ ಬದಿಯಿಂದ ಸ್ಯಾಂಪಲ್ ತೆಗೆಯಬೇಕು. ಒಂದು ಬದಿಗೆ ಹಾಲಿನಂಥ ಹತ್ತಿ ಇಟ್ಟು, ಇನ್ನೊಂದು ಬದಿಗೆ ನೆಲ ಗುಡಿಸಿದ್ದನ್ನು ತುಂಬುವ ಜಾಣರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಈ ವಿಷಯದಲ್ಲಿ ಗುರುಬಸವಣ್ಣನವರು ಹುಲಿ. ಒಮ್ಮೆ ಕೆಳಗಿನ ನೌಕರನೊಬ್ಬ ಒಂದೇ ಬದಿ ನೋಡಿ ದರ್ಜೆ ಬರೆದನೆಂದು, ಸುಡು ಮಧ್ಯಾಹ್ನದಲ್ಲಿ ಇನ್ನೂರು ಬೇಲುಗಳನ್ನು ಮಗುಚಿ ಹಾಕಿಸಿದ್ದರು. "ಒಂದ ಬದಿ ನೋಡಿ ಸಹಿ ಮಾಡವ ಹತ್ತಿ ನೋಡಿದವಲ್ಲ, ಬೇಲಿಗೆ ಸುತ್ತಿದ ಗೋಣಿತಟ್ಟು ನೋಡಿದವ" ಎಂದು ಅಂದು ಅವರು ಮಾಡಿದ ಭಾಷಣವನ್ನು ಹಮಾಲರು ಇಂದಿಗೂ ಅಣಕಿಸುತ್ತಾರೆ. ಮೂವತ್ತೆಂಟು ವರ್ಷದಲ್ಲಿ ಅವರ ಸಹಿ ಒಂದು ಬದಿಯ ಮಾಲಿನ ಮೇಲೆ ಒಮ್ಮೆಯೂ ಬಿದ್ದಿರಲಿಲ್ಲ.

ಈಗ ಕಾಗದ ಎದುರಿಗಿಟ್ಟುಕೊಂಡಾಗ ಅವರಿಗೆ ಲಾರಿ ನೆನಪಾಯಿತು.

ಬೇಲು ಕಟ್ಟುವ ಪ್ರೆಸ್ಸು ಮಿಲ್ ಮೈದಾನದ ಎಡಗೋಡೆಗೆ ಹೊಂದಿಕೊಂಡೇ ಇತ್ತು. ಸಂಜೆ ಲಾರಿ ತುಂಬಿಸಿ, ಬೇಲುಗಳ ಮೇಲೆ ತಾವೂ ಕೂತು, ರೈಲ್ವೆ ಗೂಡ್ಸ್ ಶೆಡ್ಡಿಗೆ ಮುಟ್ಟಿಸುವುದು ಆಗಿನ ಅವರ ಕೆಲಸ. ಲಾರಿ ತುಂಬಿ ನಿಂತಾಗ ಗೋಡೆಯಾಚೆ ಮೈದಾನ ಕಾಣುತ್ತಿತ್ತು. ಪೂರ್ತಿ ಅಲ್ಲ. ನಟ್ಟನಡುವೆ, ಅಂಚಿನ ಗೆರೆಯ ಪಕ್ಕದಲ್ಲಿ, ಒಂದು ದೈತ್ಯ ಹುಣಸೆಮರ. ಮರದ ಈಚೆ ಕಾಣುತ್ತಿತ್ತು; ಆಚೆಯ ಅರ್ಧದಲ್ಲಿ ಬರೀ ಎಲೆ. ಮಿಲ್ ತಂಡದ ಕೋಚಿಗೊಂದು ನಂಬಿಕೆ: ಬಲತುದಿಯ ನೀರಿನ ಟಾಕಿಗೆ ಬೆನ್ನು ಮಾಡಿ ಆಟ ಶುರು ಮಾಡಿದರೆ ಮಾತ್ರ ಗೆಲುವು. ಎದುರಿನ ತಂಡದವರೂ "ಮಾಡಕೊಳ್ಳಲಿ ಬಿಡ್ರಿ" ಎಂದು ಒಪ್ಪುತ್ತಿದ್ದರು. ಹೀಗಾಗಿ ಮೊದಲ ಅರ್ಧದಲ್ಲಿ ಅಯಾಜ ಯಾವಾಗಲೂ ಮರದ ಈಚೆ, ಗುರುಬಸವಣ್ಣನವರ ಕಣ್ಣೆದುರು ಗೋಲು ಹೊಡೆಯುತ್ತಿದ್ದ. ಇಸ್ತಿಯಾಕ ಯಾವಾಗಲೂ ಮರದ ಆಚೆ, ಎಲೆಗಳೊಳಗೆ ಕಾಯುತ್ತಿದ್ದ. ಎರಡನೆಯ ಅರ್ಧದಲ್ಲಿ ತಂಡಗಳು ಬದಿ ಬದಲಿಸುವ ಹೊತ್ತಿಗೆ ಐದು ಗಂಟೆ. ಐದೂವರೆಗೆ ಗೂಡ್ಸ್ ಶೆಡ್ಡಿನ ಬಾಗಿಲು ಮುಚ್ಚುತ್ತಿತ್ತು. ಲಾರಿ ಹೊರಟುಬಿಡುತ್ತಿತ್ತು.

ಅಂದರೆ, ಇಸ್ತಿಯಾಕನ ಆಟವನ್ನು ಅವರು ನೋಡಿಯೇ ಇರಲಿಲ್ಲ. ಕಾರ್ನರ್ ಹೊಡೆತಕ್ಕೆಂದು ಅವನು ಮರ ದಾಟಿ ಈಚೆ ಬಂದದ್ದು ಎರಡು ಸಲ. ಆ ಹದಿಮೂರೂವರೆ ಆಣೆ ಎಲೆಗಳಾಚೆಯಿಂದ ಬಂದ ಮಂದಿಯ ಕೂಗಿಗೆ ಕೊಟ್ಟದ್ದು. ಇದನ್ನು ಅವರು ಬೇಕೆಂದು ಮುಚ್ಚಿಟ್ಟಿರಲಿಲ್ಲ. ಬೇರೆಯವರಿಂದ ಕೇಳಿದ ಎರಡನೆಯ ಅರ್ಧಗಳನ್ನು ಹೇಳಿ ಹೇಳಿ, ಅವೂ ಕಣ್ಣಿಗೆ ಕಟ್ಟಿದ್ದವು, ಅಷ್ಟೆ.

"ಯಾಕ್ರಿ, ಸಹಿ ಮಾಡೂದು ಮರತ್ರೇನು?" ಕಾಳವ್ವ ಚುರುಮುರಿ ತಂದಿಟ್ಟಳು.

ಅವರು ಹೇಳಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಮಾತು ಚಿಕ್ಕದಾಗಿತ್ತು.

ಕಾಳವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಂದ್ರ ನೋಡಿದ್ದು ಅರ್ಧಾ ಆಟ, ಊರಿಗೆ ಹೇಳಿದ್ದು ಒಂದೂವರಿ ಆಟ."

"ನಗಬ್ಯಾಡ. ಸಹಿ ಮಾಡಿದ್ರ ನನ್ನ ಮೂವತ್ತೆಂಟು ವರ್ಷದ ಸಹಿ ಹಾಳು. ಮಾಡದಿದ್ರ ಚಾದಂಗಡ್ಯಾಗ ನಾ ಹೆಂಗ ಕೂಡ್ಲಿ?"

"ಇನ್ನೊಂದ ಬದಿ ಸ್ಯಾಂಪಲ್ ತಗೊಂಡ ಬರ್ರಲ್ಲಾ. ಮಾಲಿನ್ನೂ ಗ್ಯಾರೇಜಿನ್ಯಾಗ ಐತಲ್ಲ."

ಶುಕ್ರವಾರ ಮುಂಜಾನೆ ಕರಿ ಕೋಟು ಗಬ್ಬೂರ ಬೈಪಾಸಿನಲ್ಲಿ ಬಸ್ಸಿನಿಂದ ಇಳಿಯಿತು. ಗ್ಯಾರೇಜಿನಲ್ಲಿ ದೊಡ್ಡ ವಾದ ನಡೆದಿತ್ತು. ಅಯಾಜನ ತಲೆ ಪೂರ್ತಿ ಬೋಳಾಗಿತ್ತು. ಹಣೆಯ ಮೇಲೆ ಬಿಡಲು ಏನೂ ಉಳಿದಿರಲಿಲ್ಲ. ಇಸ್ತಿಯಾಕ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಟೈರಿನ ಮೇಲೆ ಕೂತಿದ್ದ. ನಡುವೆ ಬಿಚ್ಚಿ ಹಾಕಿದ ಹಳೇ ಸ್ಕೂಟರ್.

"ಬರ್ರಿ ಬರ್ರಿ ಅಣ್ಣಾರ, ನೀವ ಹೇಳ್ರಿ," ಎಂದ ಅಯಾಜ. "ಈ ಕಾರ್ಬುರೇಟರ್ ಇವ ಮೂರ ದಿನ ಬಿಚ್ಚ್ಯಾನ. ನಾ ಅರ್ಧಾ ತಾಸಿನ್ಯಾಗ ಗಾಡಿ ಶುರು ಮಾಡ್ತಿದ್ನಿ."

"ಶುರು ಮಾಡ್ತಾನ್ರಿ, ಉಣಕಲ್ ಕೆರೀತನಾ ಹೋಗಿ ನಿಲ್ತೈತಿ," ಎಂದ ಇಸ್ತಿಯಾಕ. "ಗಿರಾಕಿ ತಳ್ಳಿಕೊಂತ ತಿರಗಿ ನನ್ನ ಕಡೆನ ಬರ್ತಾನ."

"ನಾ ಬಂದದ್ದು ಫುಟ್‌ಬಾಲ್ ಬಗ್ಗೆ," ಎಂದರು ಗುರುಬಸವಣ್ಣನವರು. "ನಿಮ್ಮಿಬ್ಬರಾಗ..."

"ಅಯ್ಯ, ಅದನ್ನ ಬಿಡ್ರಿ ಅಣ್ಣಾರ! ಕಾರ್ಬುರೇಟರ್ ಯಾರು ಛಲೋ ಮಾಡ್ತಾರ, ಅದನ್ನ ಊರಿಗೆ ತಿಳಿಯೂ ಹಂಗ ಹೇಳ್ರಿ. ಅದರಾಗ ನಮ್ಮ ಹೊಟ್ಟಿ ಐತಿ."

ನಲವತ್ತು ವರ್ಷ ತಾವು ಕಾಯ್ದುಕೊಂಡು ಬಂದ ಅರ್ಧಾಣೆ ಅದರ ಮಾಲೀಕರಿಗೇ ಬೇಡವಾಗಿದ್ದು ಕಂಡು ಗುರುಬಸವಣ್ಣನವರಿಗೆ ಬೇಸರವಾಯಿತು. ಅವರ ಮೋರೆ ನೋಡಿ ಇಸ್ತಿಯಾಕನಿಗೇ ಕನಿಕರ ಬಂತು. "ಆಟದ್ದ ಬೇಕಂದ್ರ ನಮ್ಮ ಅಮ್ಮೀನ್ನ ಕೇಳ್ರಿ. ಮಾಳಿಗಿ ಮ್ಯಾಲಿಂದ ಒಂದ ಮ್ಯಾಚ್ ಬಿಡದಂಗ ನೋಡ್ಯಾರ."

ಮಿಲ್ ಮೈದಾನದ ಬಲತುದಿಯ ಓಣಿಯಲ್ಲಿ ಅವರ ಮನೆ. ತಾಯಿ ಹಾಜರಾಬಿಗೆ ಎಂಬತ್ತೆರಡು. ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಶಾವಿಗೆ ಒಣಹಾಕುತ್ತ ಕೂತಿದ್ದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತವರನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಕರೀ ಕೋಟು... ನೀ ಲಾರಿ ಮ್ಯಾಲ ಕುಂದರತಿದ್ದ ಹುಡುಗ ಅಲ್ಲೇನಪಾ?"

ಗುರುಬಸವಣ್ಣನವರು ಮಾಳಿಗೆಯ ಕಟ್ಟೆ ಹಿಡಿದುಕೊಂಡರು. ಹುಡುಗ ಎನಿಸಿಕೊಂಡದ್ದಕ್ಕಲ್ಲ. "ಹೌದ್ರಿ ಖಾಲಾ. ನಿಮಗ ಹೆಂಗ ಗೊತ್ತು?"

"ನಾ ಎದ್ದ ಕೆಳಗ ಹೋಗೂಮುಂದ ರಸ್ತಾದಾಗ ಕಾಣ್ತಿತ್ತು ನಿಮ್ಮ ಲಾರಿ. ಬೇಲಿನ ಮ್ಯಾಲ ಕಾಗಿ ಕುಂತಂಗ ಕುಂತಿರ್ತಿದ್ದಿ. ಹಾಫ್‌ಟೈಮಿಗೆ ಲಾರಿ ಹೋಗ್ತಿತ್ತು. ನಾ ಅಂತಿದ್ನಿ, ಪಾಪ, ಅರ್ಧಕ್ಕ ಹೊಂಟ ಅಂತ."

ಮುಚ್ಚಿಡಲು ಏನೂ ಉಳಿಯಲಿಲ್ಲ. ಅವರು ಶಾವಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದರು: ಮರ, ಲಾರಿ, ಕಾಗದ, ಒಂದು ಬದಿ. "ಅದಕ್ಕ ಬಂದೇನ್ರಿ. ಇಸ್ತಿಯಾಕನ ಆಟ ನೀವು ಪೂರ್ತಿ ನೋಡೀರಿ. ನೀವು ಹೇಳಿದ್ರ ನನ್ನ ಸ್ಯಾಂಪಲ್ ಎರಡೂ ಬದಿ ಆಗ್ತೈತಿ."

"ಅವನ ಆಟಾನ! ಮೂರ ಮಂದಿ ಮೈಮ್ಯಾಲ ಬಂದ್ರೂ ಬಾಗಲದಾಗ ನಿಂತ ಸಾವಕಾರನಂಗ ನಿಂತಿರ್ತಿದ್ದ. ಚೆಂಡ ಅವನ ಕಾಲಿಗೆ ತಾನ ಬರ್ತಿತ್ತು, ಬೆಕ್ಕ ಬಂದಂಗ. ನಾ ಹೆತ್ತ ಮಗಾ ಅಂತ ಹೇಳಾಕತ್ತಿಲ್ಲ. ಅಯಾಜಾನೂ ನಾನ ಹೆತ್ತೇನಿ. ಆದ್ರ ಇಸ್ತಿಯಾಕನ ಆಟ ದೊಡ್ಡದು."

ಗುರುಬಸವಣ್ಣನವರ ಬೆರಳುಗಳು ತಾವಾಗಿಯೇ ಎಳೆಯಲು ಶುರುಮಾಡಿದವು. ಹದಿನಾಲ್ಕೂ ಕಾಲೇ? ಅಷ್ಟರಲ್ಲಿ ಅವರು ತಲೆಯೆತ್ತಿ ಮೈದಾನದ ಕಡೆ ನೋಡಿದರು. ಬಲತುದಿ, ನೀರಿನ ಟಾಕಿ, ಅವರು ಎಂದೂ ನೋಡಿರದ ಆ ಅರ್ಧ, ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ನಡುವೆ ಅದೇ ಹುಣಸೆಮರ. ಮರದ ಆಚೆ ಬರೀ ಎಲೆ.

"ಖಾಲಾ," ಎಂದರು ಮೆಲ್ಲಗೆ, "ಇಲ್ಲಿಂದ ಆ ಕಡೆ ಗೋಲು ಕಾಣೂದಿಲ್ಲಲ್ರಿ."

ಹಾಜರಾಬಿ ಶಾವಿಗೆಯ ಎಳೆಯೊಂದನ್ನು ಬೇರ್ಪಡಿಸಿದಳು.

"ಎರಡನೇ ಹಾಫಿನ್ಯಾಗ ಅಯಾಜ ಈ ಕಡೆ ಬರ್ತಿದ್ದ. ಅದನ್ನರ ನೋಡೀರಿ?"

"ಐದಕ್ಕ ನಳಾ ಬರ್ತಿತ್ತಪಾ," ಎಂದಳು ಮುದುಕಿ. "ವಾರದಾಗ ಎರಡ ಸಲ ನೀರು. ಮ್ಯಾಚಿನ ದಿನಾನ ಬರ್ತಿತ್ತು. ಹಾಫ್‌ಟೈಮ್ ಸೀಟಿ ಊದಿದ್ರ ನಾ ಕೊಡಾ ತಗೊಂಡ ಕೆಳಗ." ಇನ್ನೊಂದು ಎಳೆ ಬಿಡಿಸುತ್ತ ಹೇಳಿದಳು: "ಅವ ಮನೀಗೆ ಬಂದು, ಅಮ್ಮೀ, ಗೋಲ ನೋಡಿದಿ? ಅಂತಿದ್ದ. ನೋಡಿದೆ ಬೇಟಾ, ಅಂತಿದ್ನಿ. ಇವತ್ತಿಗೂ ಅಂತೇನಿ. ನನ್ನ ದೊಡ್ಡ ಮಗನ ಗೋಲು ನಾ ಒಂದೂ ಕಂಡಿಲ್ಲ."

ಕೆಳಗೆ ಓಣಿಯಲ್ಲಿ ಯಾರದೋ ಸ್ಕೂಟರು ಕೆಮ್ಮುತ್ತ ಹೋಯಿತು.

"ನೀ ಕಂಡೀಯಲ್ಲ," ಎಂದಳು ಹಾಜರಾಬಿ. "ಹೆಂಗಿರ್ತಿತ್ತು? ಹೇಳು."

ಗುರುಬಸವಣ್ಣನವರು ಹೇಳತೊಡಗಿದರು. ಅಯಾಜ ಎಡಗಾಲಿನಿಂದ ಸುಳ್ಳು ಹೇಳಿ ಬಲಗಾಲಿನಿಂದ ಹೊಡೆಯುತ್ತಿದ್ದದ್ದು, ಗೋಲಾದ ಮೇಲೆ ಕುಣಿಯದೆ, ಏನೋ ಕಳೆದುಕೊಂಡವನಂತೆ ನೆಲ ನೋಡುತ್ತ ತಿರುಗಿ ನಡೆಯುತ್ತಿದ್ದದ್ದು. ಕೊನೆಯ ವರ್ಷದ ಫೈನಲ್ಲಿನಲ್ಲಿ ಗದಗಿನವರ ಮೇಲೆ ಹೊಡೆದ ಆ ಒಂದೇ ಗೋಲು: ಚೆಂಡು ಹುಣಸೆಮರದ ನೆತ್ತಿಯಿಂದ, ಆಕಾಶದಿಂದಲೇ ಬಂದಂತೆ ಬಂದು, ಅಯಾಜನ ಎದೆಗೆ ಮುಟ್ಟಿ, ಕಾಲಿಗೆ ಇಳಿದು, ಬಲೆಗೆ ಹೋದದ್ದು.

"ಆಕಾಶದಿಂದ ಬರಲಿಲ್ಲೋ ಹುಚ್ಚಪ್ಪಾ!" ಹಾಜರಾಬಿ ಮೊಣಕಾಲಿನ ಮೇಲೆ ಎದ್ದಳು. "ಇಸ್ತಿಯಾಕ ಒದ್ದದ್ದದು! ಅಲ್ಲೆ, ಟಾಕಿ ಮುಂದ. ಇಬ್ಬರು ಬಂದ್ರು, ಕಸಗೊಂಡ, ಒದ್ದ. ಚೆಂಡು ಮರದ ಮ್ಯಾಲ ಹಾದು ಹೋತು. ಆಮ್ಯಾಲ ಏನಾತು ನನಗ ಕಾಣಲಿಲ್ಲ, ಬರೇ ಕೂಗಾಟ. ಅದು ಅಯಾಜನ ಎದೀಗೆ ಹೋತೇನು? ಅದ ಚೆಂಡೇನು?"

"ಅದ ಚೆಂಡ್ರಿ," ಎಂದರು ಗುರುಬಸವಣ್ಣನವರು. ಆಣೆ ಹೇಳುವುದು ಅವರಿಗೆ ನೆನಪಾಗಲಿಲ್ಲ. ಬಸ್ಸಿನಲ್ಲಿ ಕೂತು ಗಬ್ಬೂರ ದಾಟಿದ ಮೇಲೆ ನೆನಪಾಯಿತು. ಆಗ ಬೆರಳುಗಳನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡರು.

ರವಿವಾರ ಹತ್ತಕ್ಕೆಂದ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಯಿತು. ಕಮಾನಿನ ಮೇಲೆ ಒಂಬತ್ತು ಫೂಟು ಕೆಂಪು ಅಕ್ಷರ ಫಳಫಳಿಸುತ್ತಿತ್ತು. ಉಳಿದ ಮೂರು ಫೂಟಿನ ಎದುರು ಪೇಂಟರ್ ಏಣಿ ಹಾಕಿಕೊಂಡು, ಬ್ರಶ್ಶು ಅದ್ದಿಕೊಂಡು ಕಾಯುತ್ತಿದ್ದ. ಮಹಾದೇವಪ್ಪ ಮುಕ್ಕಾಲು ತಾಸು ಮಾತಾಡಿದ. ಪೈಪಿನಲ್ಲೂ ಒತ್ತಡ, ಆಟದಲ್ಲೂ ಒತ್ತಡ, ಎರಡನ್ನೂ ತಡೆದುಕೊಂಡವನೇ ನಾಯಕ ಎಂದ. ಯಾವ ನಾಯಕನೆಂದು ಹೇಳದಿದ್ದರೂ ಕೈ ತನ್ನ ಎದೆಯ ಮೇಲಿತ್ತು.

ಆಮೇಲೆ ಗುರುಬಸವಣ್ಣನವರಿಗೆ ಶಾಲು ಹೊದಿಸಿದರು. ಅವರು ತುದಿ ಚಿವುಟಿ ನೋಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಕಾಳವ್ವನಿಗೆ ಅಲ್ಲಿಯೇ ಏನೋ ಎಡವಟ್ಟಾಗಿದೆಯೆಂದು ತಿಳಿಯಿತು.

"ಈ ಕಾಗದಕ್ಕ ನಾ ಸಹಿ ಮಾಡೂದಿಲ್ರಿ," ಎಂದರು ಗುರುಬಸವಣ್ಣನವರು ಮೈಕಿನಲ್ಲಿ. "ನಾ ನೋಡಿದ್ದು ಮರದ ಈ ಕಡೆ ಅರ್ಧಾ. ಅದೂ ಮದಲನೇ ಹಾಫು. ಇಸ್ತಿಯಾಕನ ಆಟ ನಾ ನೋಡೇ ಇಲ್ಲ."

ಮಂದಿ ಮೊದಲು ನಕ್ಕರು. ಕಾಕಾ ಚೇಷ್ಟೆ ಮಾಡುತ್ತಿದ್ದಾರೆಂದು. ಅವರು ನಗಲಿಲ್ಲ. ಆಗ ಹಿಂದಿನಿಂದ ಒಬ್ಬ ಎದ್ದು ನಿಂತ.

"ಹಂಗಾರ ಇಷ್ಟ ವರ್ಷ ನಮ್ಮ ಬಸ್ಸೆಲ್ಲಾ ಸುಳ್ಳ ತಪ್ಪಿಸಿದ್ರೇನ್ರಿ ಕಾಕಾ?"

ಗುರುಬಸವಣ್ಣನವರ ಕಿವಿ ಕೆಂಪಾದವು. ಮಾತು ಮುಂದುವರಿಸಿದರು. "ಇನ್ನೊಂದ ಬದಿ ನೋಡಿದವ್ರು ಇಲ್ಲಿ ಅದಾರ. ಹಾಜರಾಬಿ ಖಾಲಾಗ ಮೈಕ್ ಕೊಡ್ರಿ."

ಹಾಜರಾಬಿಗೆ ಮೈಕು ಹಿಡಿಯುವುದು ಗೊತ್ತಿರಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಮೊದಲು ದೊಡ್ಡ ಮಗನ ಕಡೆ ತಿರುಗಿ, "ಬೇಟಾ, ನಿನ್ನ ಗೋಲು ನಾ ನೋಡಿಲ್ಲ. ನಳಾ ಬರ್ತಿತ್ತು," ಎಂದಳು. ಅಯಾಜ ಬೋಳು ತಲೆ ಸವರಿಕೊಂಡು, "ಗೊತ್ತೈತಿ ಅಮ್ಮೀ. ನಾ ಮನೀಗೆ ಬಂದಾಗ ಎಲ್ಲಾ ಕೊಡಾ ತುಂಬಿರ್ತಿದ್ವು," ಎಂದ.

ಆಮೇಲೆ ಇಬ್ಬರೂ ಸೇರಿ ಆ ಗೋಲನ್ನು ಹೇಳಿದರು. ನೀರಿನ ಟಾಕಿಯಿಂದ ಹುಣಸೆಮರದವರೆಗೆ ಹಾಜರಾಬಿ. ಹುಣಸೆಮರದಿಂದ ಬಲೆಯವರೆಗೆ ಗುರುಬಸವಣ್ಣ. ಚೆಂಡು ಮರದ ಮೇಲೆ ಹಾದಾಗ ಮಾತೂ ಅವಳಿಂದ ಇವರಿಗೆ ದಾಟಿತು. ಇಡೀ ಮೈದಾನ ಮರದ ನೆತ್ತಿಯನ್ನು ನೋಡಿತು. ಗೋಲಾದಾಗ ಬಿದ್ದ ಚಪ್ಪಾಳೆ ಎಷ್ಟಿತ್ತೆಂದರೆ, ಎಂಬತ್ತೆಂಟರ ಆ ಫೈನಲ್ಲಿನಲ್ಲಿಯೂ ಅಷ್ಟು ಬಿದ್ದಿರಲಿಲ್ಲವೆಂದು ಶಾಂತಯ್ಯನೇ ಒಪ್ಪಿದ. ಹೆಂಗಸರು ಕಣ್ಣು ಒರೆಸಿಕೊಂಡರು. ಅಣ್ಣನಿಗಾಗಿ ತಮ್ಮ ಕಳಿಸಿದ ಚೆಂಡು ಎಂದು ಮಹಾದೇವಪ್ಪ ಗದ್ಗದಿತನಾಗಿ ಕೂಗಿದ.

ಇಸ್ತಿಯಾಕ ಪಟ್ಟಿ ಸುತ್ತಿದ ಮೊಣಕಾಲು ಎಳೆಯುತ್ತ ಎದ್ದ. "ಒಂದ ಮಾತ್ರಿ. ಖರೇ ಹೇಳ್ತೇನಿ. ನಾ ಯಾರಿಗೂ ಕಳಸಿದ್ದಿಲ್ಲ. ಇಬ್ಬರು ಎಮ್ಮಿಯಂಥಾವ್ರು ಮೈಮ್ಯಾಲ ಬಂದ್ರು. ಹೆದರಿ, ಕಣ್ಣ ಮುಚ್ಚಿ ಒದ್ದೆ."

ಚಪ್ಪಾಳೆ ನಿಂತಿತು.

"ನಾನೂ ಹೇಳಿಬಿಡ್ತೇನಿ," ಎಂದ ಅಯಾಜ. "ನಾ ಚೆಂಡ ನೋಡಿದ್ದಿಲ್ಲ. ಮಂದೀ ಕೂಗಿದ್ದಕ್ಕ ಏನಂತ ತಿರಗಿದೆ, ಎದೀಗೆ ಬಡೀತು. ಎರಡ ದಿನಾ ನೋಯ್ತಿತ್ತು."

ಏಣಿಯ ಮೇಲಿದ್ದ ಪೇಂಟರ್ ಕೆಳಗಿಳಿದು ಬಂದು, "ಯಾರ ಹೆಸರ ಬರೀಲ್ರಿ?" ಎಂದು ಕೇಳಿದ. ಬ್ರಶ್ಶಿನಲ್ಲಿಯೇ ಬಣ್ಣ ಒಣಗಿತು. ಇವತ್ತಿಗೂ ಬೈಪಾಸಿನಲ್ಲಿ ಹೋಗುವವರಿಗೆ ಮಹಾದೇವಪ್ಪ ಕಟ್ಟಿಸಿಕೊಟ್ಟದ್ದು ಎದ್ದು ಕಾಣುತ್ತದೆ; ಏನು ಕಟ್ಟಿಸಿಕೊಟ್ಟನೆಂಬುದು ಮಾತ್ರ ಕಾಣುವುದಿಲ್ಲ.

ಸೋಮವಾರ ಸಂಜೆ ಐದೂವರೆಗೆ ಗುರುಬಸವಣ್ಣನವರು ಹೋಗಲೋ ಬೇಡವೋ ಎಂದು ಮೂರು ಸಲ ಕೋಟು ತೊಟ್ಟು ಬಿಚ್ಚಿದರು. ಕೊನೆಗೆ ಕಾಳವ್ವ, "ಹೋಗ್ರಿ, ಮನ್ಯಾಗ ಕುಂತ್ರ ನನ್ನ ಪಲ್ಯಾಕ್ಕ ಆಣೆ ಹೇಳ್ತೀರಿ" ಎಂದು ದಬ್ಬಿದಳು.

ಗೋಡೆ ಕಡೆಯ ಬೆಂಚಿನ ಮೇಲೆ ಶಾಂತಯ್ಯ ಕೂತಿದ್ದ. ನಟ್ಟನಡುವೆ, ಎರಡೂ ಕೈ ಚಾಚಿ. ಇವರನ್ನು ನೋಡಿ ಏಳಲಿಲ್ಲ. ಗುರುಬಸವಣ್ಣನವರು ಎದುರಿನ ಸ್ಟೂಲಿನ ಮೇಲೆ ಕೂತರು. ಸ್ಟೂಲಿನ ಒಂದು ಕಾಲು ಗಿಡ್ಡವೆಂಬುದು ಅವರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಚಹಾ ಬಂತು. ಕುಡಿದರು. ಧಾರವಾಡದ ಬಸ್ಸು ಬಂತು, ಗಿರಾಕಿಗಳು ಸರಿಯಾದ ಹೊತ್ತಿಗೆ ಹತ್ತಿ ಹೋದರು. ಇನ್ನೊಂದು ಬಸ್ಸೂ ಹೋಯಿತು. ಅಂಗಡಿ ಇಷ್ಟು ಶಾಂತವಾಗಿದ್ದದ್ದು ಯಾರಿಗೂ ನೆನಪಿರಲಿಲ್ಲ. ಶಾಂತಯ್ಯನಿಗೂ ಬೆಂಚು ಯಾಕೋ ಬಹಳ ಉದ್ದವೆನಿಸತೊಡಗಿತು.

"ಏನರ ಅನ್ರಿ, ಗುರುಬಸಣ್ಣ," ಎಂದ ಕೊನೆಗೆ.

"ಅನ್ನೂದ ಏನೈತಿ? ಅರ್ಧಾ ನೋಡಿದವ ನಾ."

"ಹಂಗಲ್ಲ. ಸುಮ್ನ ಅನ್ರಿ."

ಗುರುಬಸವಣ್ಣನವರು ಬಸಿ ಕೆಳಗಿಟ್ಟರು. ಬಲಗೈಯ ಹೆಬ್ಬೆರಳು, ತೋರುಬೆರಳು ಕೋಟಿನ ಜೇಬಿನಿಂದ ಹೊರಬಂದು, ಕಾಣದ ಒಂದು ಎಳೆಯನ್ನು ನಿಧಾನವಾಗಿ ಎಳೆದವು.

"ಈಗ ನೋಡು ಶಾಂತಯ್ಯ. ಇಸ್ತಿಯಾಕ ಕಣ್ಣ ಮುಚ್ಚಿ ಒದ್ದ. ಒಪ್ಪಿದೆ. ಅಯಾಜ ಚೆಂಡ ನೋಡಲಿಲ್ಲ. ಅದನ್ನೂ ಒಪ್ಪಿದೆ. ಚೆಂಡು ತಾನ ಬಂದು ಎದೀಗೆ ಬಡೀತು." ಅವರು ಸ್ಟೂಲನ್ನು ಬೆಂಚಿನ ಹತ್ತಿರಕ್ಕೆ ಎಳೆದುಕೊಂಡರು, ಶಾಂತಯ್ಯ ತನಗರಿಯದೆಯೇ ಗೋಡೆಯ ಕಡೆ ಸರಿದು ಅರ್ಧ ಬೆಂಚು ಬಿಟ್ಟ. "ಆದ್ರ ಅರ್ಧಾಣೆ ಇನ್ನೂ ಉಳದೈತಿ. ಆ ಎದೀನ್ನ ಅಲ್ಲೇ ಒಯ್ದು ಇಟ್ಟವ ಯಾರು?"